ಕಣ್ಣು ಬಿಡದ ಮರಿಗೆ ಮೊದಲು ಬಿಸುಪು, ಆಮೇಲೆ ಹಾಲು

ಸಾಕುಪ್ರಾಣಿ ಅಂಕಣ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಮಳೆಗಾಲ ಹಿಡಿದಾಗಿನಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಬೆಕ್ಕಿನ ಮರಿಗಳ ವಿಚಾರವೇ ಹೆಚ್ಚಾಗಿದೆ. ಬಹುತೇಕ ಎಲ್ಲರೂ ಕೇಳಿರುವುದು ಯಾವ ಹಾಲು ಕೊಡಬೇಕು, ಎಷ್ಟು ಕೊಡಬೇಕು ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಮರಿಯ ಮೈ ಬೆಚ್ಚಗಿದೆಯೇ ಎಂಬುದನ್ನು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಮರಿಗಳಿಗೇ ಮೀಸಲಿಟ್ಟು, ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಬೆಕ್ಕು ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಅದರ ನಾಲ್ಕು ಮರಿಗಳು ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿವೆ. ಎರಡಕ್ಕೆ ಕಣ್ಣು ಅರೆಬರೆ ತೆರೆದಿದೆ, ಇನ್ನೆರಡಕ್ಕೆ ಇನ್ನೂ ಮುಚ್ಚಿಕೊಂಡೇ ಇದೆ. ನಮ್ಮದೇ ಹಸುವಿನ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದೇವೆ. ಎರಡು ಮರಿಗಳಿಗೆ ಭೇದಿಯಾಗುತ್ತಿದೆ, ಒಂದು ತಣ್ಣಗಾಗಿ ಬಾಯಿಯನ್ನೇ ತೆರೆಯುತ್ತಿಲ್ಲ. ಏನು ಮಾಡಬೇಕು?
(ಸಾಗರ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ನಿಮ್ಮೊಡನೆ ಮಾತಾಡಿದ್ದೆ. ತಣ್ಣಗಾಗಿದ್ದ ಆ ಮರಿ ಉಳಿಯಲಿಲ್ಲವೆಂದು ನೀವು ಹೇಳಿದಾಗ ಬಹಳ ನೋವಾಯಿತು. ಉಳಿದ ಮೂರು ಚೇತರಿಸಿಕೊಂಡಿವೆ ಎಂಬುದು ಸಮಾಧಾನದ ಮಾತು. ಅಂದು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇಂಥದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೂ ಇದು ಬೇಕಾಗುತ್ತದೆ.

ಬೆಕ್ಕಿನ ಮರಿಗಳು ಹುಟ್ಟಿದ 7ರಿಂದ 14 ದಿನಗಳೊಳಗೆ ಕಣ್ಣು ಬಿಡುತ್ತವೆ. ನಿಮ್ಮ ಮರಿಗಳಿಗೆ ಹೆಚ್ಚೆಂದರೆ ಎರಡು ವಾರವಾಗಿತ್ತು ಎಂದು ಇದರಿಂದ ತಿಳಿಯಬಹುದು. ಈ ವಯಸ್ಸಿನ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರದಲ್ಲಂತೂ ಚಳಿಗೆ ನಡುಗುವುದಕ್ಕೂ ಅದಕ್ಕೆ ಬಾರದು. ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಒಡಹುಟ್ಟಿದವುಗಳ ರಾಶಿಯಲ್ಲಿ ಹುದುಗಿಕೊಂಡು ಅದು ಬದುಕುತ್ತದೆ. ತಾಯಿ ಇಲ್ಲವಾದ ಮೇಲೆ ಮಲೆನಾಡಿನ ಮಳೆಯ ಶೀತದಲ್ಲಿ ಕೆಲವೇ ಗಂಟೆಗಳಲ್ಲಿ ಮರಿ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ನುಂಗುವ ಶಕ್ತಿಯೂ ಕುಗ್ಗಿರುತ್ತದೆ. ಆಗ ಬಾಯಿಗೆ ಹುಯ್ದ ಹಾಲು ಹೊಟ್ಟೆಯಲ್ಲಿ ಕೊಳೆಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಹಸಿದಿದೆಯಲ್ಲ ಎಂಬ ಕನಿಕರದಿಂದಲೇ ಮಾಡುವ ಈ ತಪ್ಪಿನಿಂದ ಎಷ್ಟೋ ಮರಿಗಳು ಸಾಯುವುದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಮರಿಯನ್ನು ಎತ್ತಿಕೊಂಡ ಕೂಡಲೇ ಅದರ ಬಾಯೊಳಗೆ ಕಿರುಬೆರಳ ತುದಿ ಇಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲಿನ ಯೋಚನೆ ಬಿಟ್ಟು, ಒಣ ಬಟ್ಟೆಯಲ್ಲಿ ಮೈ ಒರೆಸಿ, ನಿಮ್ಮ ಮೈಗೆ ತಾಗುವಂತೆ ಬಟ್ಟೆಯೊಳಗೆ ಇಟ್ಟುಕೊಳ್ಳಿ. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಬೇಕು; ಒಲೆಯ ಮುಂದೆ ಹಿಡಿಯುವುದು, ಬಿಸಿನೀರಿನಲ್ಲಿ ಅದ್ದುವುದು ಅಪಾಯ. ಮೈ ಬೆಚ್ಚಗಾಗಿ ಬಾಯಿ ಆಡಿಸತೊಡಗಿದ ಮೇಲೆ ಗ್ಲೂಕೋಸ್ ನೀರನ್ನು ಒಂದೆರಡು ಹನಿ ಒಸಡಿಗೆ ಸವರಬಹುದು. ಅದನ್ನು ಚಪ್ಪರಿಸಿ ನುಂಗಿದರೆ ಹಾಲಿಗೆ ಸಿದ್ಧವಾಗಿದೆ ಎಂದು ತಿಳಿಯಿರಿ.

ಮರಿಗಳ ಗೂಡಿಗೆ ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ಅಡಿಗೆ ಹಳೆಯ ಹತ್ತಿಸೀರೆಯ ಮಡಿಕೆಗಳನ್ನು ಹಾಸಿ, ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಇನ್ನೊಂದು ಬದಿಗೆ ತೆವಳಿಕೊಂಡು ಹೋಗಲು ಮರಿಗಳಿಗೆ ಜಾಗ ಇರಬೇಕು. ಬಾಟಲಿ ಆರಿದ ಮೇಲೆ ಅದೇ ಮರಿಗಳ ಬಿಸಿಯನ್ನು ಹೀರುವುದರಿಂದ ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಬೇಕು. ಮೊದಲ ವಾರ ಗೂಡಿನೊಳಗೆ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್, ಎರಡನೆಯ ವಾರ 27ರಿಂದ 29 ಡಿಗ್ರಿ ಇದ್ದರೆ ಒಳ್ಳೆಯದು. ಹಿಂದೆ ಗೂಡಿನ ಮೇಲೆ ಬಲ್ಬು ತೂಗುಹಾಕುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ ಎಂಬುದನ್ನು ನೆನಪಿಡಿ. ಬಚ್ಚಲಿನ ಹಂಡೆ ಒಲೆಯ ಪಕ್ಕ ಗೂಡು ಇಡುವವರು ಹೊಗೆ ಮತ್ತು ಕಿಡಿಗಳಿಂದ ದೂರವಿರುವಂತೆ ನೋಡಿಕೊಳ್ಳಬೇಕು.

ಇನ್ನು ಹಾಲಿನ ವಿಚಾರ. ತಾಯಿಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಅಂಶ ನೂರಕ್ಕೆ ಸುಮಾರು 7 ಭಾಗದಷ್ಟಿದ್ದರೆ ಹಸುವಿನ ಹಾಲಿನಲ್ಲಿ 3ರಿಂದ 3.5 ಭಾಗ ಮಾತ್ರ ಇರುತ್ತದೆ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಾದರೋ ಹಸುವಿನ ಹಾಲಿನಲ್ಲೇ ಹೆಚ್ಚು. ಹೀಗಾಗಿ ಹಸುವಿನ ಹಾಲನ್ನೇ ಕುಡಿದ ಮರಿಗೆ ಬೆಳೆಯಲು ಬೇಕಾದದ್ದು ಸಿಗುವುದಿಲ್ಲ, ಜೀರ್ಣವಾಗದೆ ಉಳಿದ ಸಕ್ಕರೆ ಕರುಳಿಗೆ ನೀರು ಎಳೆದು ಭೇದಿಯಾಗುತ್ತದೆ. 150 ಗ್ರಾಂ ತೂಗುವ ಜೀವಕ್ಕೆ ನಾಲ್ಕು ಸಲ ಭೇದಿಯಾದರೂ ಮೈಯಲ್ಲಿನ ನೀರು ಬತ್ತಿಹೋಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಇರುವ ಅಲ್ಪ ಪೋಷಣೆಯೂ ಅರ್ಧವಾಗುತ್ತದೆ. ಮನುಷ್ಯರ ಮಕ್ಕಳಿಗೆಂದು ಮಾರುವ ಹಾಲಿನ ಪುಡಿಯಲ್ಲಿ ಪ್ರೋಟೀನ್ ಇನ್ನೂ ಕಡಿಮೆ.

ಸರಿಯಾದ ದಾರಿ ಎಂದರೆ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ‘ಮಿಲ್ಕ್ ರಿಪ್ಲೇಸರ್’ ಪುಡಿ. ಶಿವಮೊಗ್ಗ, ಹುಬ್ಬಳ್ಳಿ, ಮೈಸೂರಿನಂಥ ಊರುಗಳ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಅಂಚೆಯಲ್ಲೂ ತರಿಸಿಕೊಳ್ಳಬಹುದು. ಅದು ಕೈಗೆ ಬರುವವರೆಗೆ, ಒಂದೆರಡು ದಿನದ ಮಟ್ಟಿಗೆ, ಕಾಯಿಸಿ ಆರಿಸಿದ ಆಡಿನ ಹಾಲಿನಿಂದ ನಡೆಸಬಹುದು, ಅದನ್ನೇ ಮುಂದುವರಿಸಬಾರದು. ಇದಕ್ಕಿಂತಲೂ ಉತ್ತಮ ದಾರಿ ಇನ್ನೊಂದಿದೆ: ನೆರೆಹೊರೆಯಲ್ಲಿ ಈಚೆಗೆ ಮರಿ ಹಾಕಿದ ಬೆಕ್ಕೇನಾದರೂ ಇದೆಯೇ ಎಂದು ವಿಚಾರಿಸಿ. ಅದರ ಮರಿಗಳ ಮೈಗೆ ಒರೆಸಿದ ಬಟ್ಟೆಯಿಂದಲೇ ನಿಮ್ಮ ಮರಿಗಳನ್ನೂ ಒರೆಸಿ ನಡುವೆ ಬಿಟ್ಟರೆ ಎಷ್ಟೋ ತಾಯಂದಿರು ಬೇರೆಯದೆಂದು ಎಣಿಸದೆ ಹಾಲೂಡುತ್ತವೆ. ಬಿಟ್ಟು ಬರಬೇಡಿ, ಒಂದು ಗಂಟೆಯಾದರೂ ಹತ್ತಿರ ಕೂತು ನೋಡಿ.

ಪುಡಿಯನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕಲಸಬೇಕು. ಮುಂಗೈಗೆ ಹನಿಸಿಕೊಂಡರೆ ಹದವಾಗಿ ಬೆಚ್ಚಗಿರಬೇಕು, ಸುಮಾರು 38 ಡಿಗ್ರಿ. ಮರಿಯ ತೂಕದ ಪ್ರತಿ 100 ಗ್ರಾಂಗೆ ದಿನಕ್ಕೆ ಸುಮಾರು 20 ಮಿಲಿಲೀಟರ್ ಬೇಕಾಗುತ್ತದೆ, ಆದರೆ ಒಂದು ಸಲಕ್ಕೆ 100 ಗ್ರಾಂಗೆ ಸುಮಾರು 4 ಮಿಲಿಲೀಟರಿಗಿಂತ ಹೆಚ್ಚನ್ನು ಆ ಪುಟ್ಟ ಹೊಟ್ಟೆ ಹಿಡಿಯಲಾರದು. ಎಂದರೆ 150 ಗ್ರಾಂ ತೂಗುವ ಮರಿಗೆ ದಿನಕ್ಕೆ 30 ಮಿಲಿಲೀಟರ್. ಅದನ್ನು ಎಂಟು ಹತ್ತು ಸಲ ಹಂಚಿ, ಒಂದೊಂದು ಸಲಕ್ಕೆ ಮೂರು ನಾಲ್ಕು ಮಿಲಿಲೀಟರ್ ಕೊಡಬೇಕು. ಮೊದಲ ವಾರ ಎರಡು ಗಂಟೆಗೊಮ್ಮೆ, ಎರಡನೆಯ ವಾರ ಎರಡು ಮೂರು ಗಂಟೆಗೊಮ್ಮೆ, ಮೂರನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ. ರಾತ್ರಿಯೂ ಏಳಲೇಬೇಕು. ಮನೆಯಲ್ಲಿ ಇಬ್ಬರು ಸರದಿ ಮಾಡಿಕೊಂಡರೆ ದಣಿವು ಕಡಿಮೆಯಾಗುತ್ತದೆ. ಒಬ್ಬರೇ ಮಾಡಹೊರಟರೆ ನಾಲ್ಕನೆಯ ರಾತ್ರಿ ನಿದ್ದೆ ಹತ್ತಿ ಒಂದು ಸರದಿ ತಪ್ಪಿಯೇ ತಪ್ಪುತ್ತದೆ. ಕಲಸಿದ ಹಾಲನ್ನು ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು, ಆದರೆ ಬಿಸಿ ಮಾಡಿದ ಮೇಲೆ ಮರಿ ಕುಡಿದು ಉಳಿದದ್ದನ್ನು ಚೆಲ್ಲಬೇಕು.

ಒಳಲೆಯನ್ನು ದಯವಿಟ್ಟು ಬಿಟ್ಟುಬಿಡಿ. ಕೂಸುಗಳಿಗೆ ಒಳಲೆ ಹಾಕಿ ಬೆಳೆಸಿದ ಕೈಗಳಿಗೆ ಅದೇ ರೂಢಿಯಾಗಿರುವುದು ಸಹಜ, ಆದರೆ ಬೆಕ್ಕಿನ ಮರಿಯನ್ನು ಅಂಗಾತ ಮಲಗಿಸಿ ಹಾಲು ಹುಯ್ದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ತಾಯಿಯ ಬಳಿ ಮರಿ ಹೊಟ್ಟೆಯ ಮೇಲೆ ಮಲಗಿ ತಲೆಯನ್ನು ತುಸು ಮೇಲೆತ್ತಿ ಕುಡಿಯುತ್ತದೆ; ನೀವೂ ಟವೆಲ್ಲಿನ ಮೇಲೆ ಹಾಗೆಯೇ ಮಲಗಿಸಬೇಕು. ಮರಿಗಳ ಚಿಕ್ಕ ನಿಪ್ಪಲ್ ಬಾಟಲಿಯೇ ಮೇಲು. ಅದನ್ನು ತಲೆಕೆಳಗೆ ಹಿಡಿದರೆ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಬಾಟಲಿ ಸಿಗದಿದ್ದರೆ ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಒಂದೊಂದೇ ಹನಿ ಬಿಡಿ, ಮರಿ ನುಂಗಿದ ಮೇಲೆ ಮುಂದಿನದು. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆಯನ್ನು ಕೆಳಮುಖ ಮಾಡಿ ಒರೆಸಿ; ಆಮೇಲೆ ಉಸಿರಾಟದಲ್ಲಿ ಗೊರಗೊರ ಸದ್ದು ಬಂದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು.

ಹೆಚ್ಚಿನವರಿಗೆ ಗೊತ್ತಿರದ ಒಂದು ಸಂಗತಿ ಇದೆ. ಸುಮಾರು ಮೂರು ವಾರದವರೆಗೆ ಮರಿಗಳು ತಾವಾಗಿಯೇ ಮಲಮೂತ್ರ ವಿಸರ್ಜನೆ ಮಾಡಲಾರವು. ತಾಯಿ ಹಿಂಭಾಗವನ್ನು ನೆಕ್ಕಿದಾಗಲೇ ಅದು ಆಗುತ್ತದೆ. ನೀವು ಪ್ರತಿ ಸಲ ಹಾಲು ಕೊಟ್ಟ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಆ ಜಾಗವನ್ನು ಮೃದುವಾಗಿ ನೇವರಿಸಬೇಕು. ಮೂತ್ರ ಪ್ರತಿ ಸಲವೂ, ಮಲ ದಿನಕ್ಕೆ ಒಮ್ಮೆಯಾದರೂ ಬಂದರೆ ಸರಿಯಾಗಿದೆ. ಇದನ್ನು ಮಾಡದೆ ಬಿಟ್ಟರೆ ಹಾಲು ಎಷ್ಟೇ ಚೆನ್ನಾಗಿ ಕುಡಿದರೂ ಮರಿ ಉಳಿಯುವುದಿಲ್ಲ.

ಕೊನೆಯದಾಗಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ಮರಿಗಳನ್ನು ತೂಗಿ ಬರೆದಿಡಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತಾ ಎರಡು ವಾರಕ್ಕೆ ಇಮ್ಮಡಿಯಾಗಬೇಕು. ಒಂದು ದಿನ ತೂಕ ಏರದಿದ್ದರೆ ಎಚ್ಚರವಾಗಿರಿ, ಇಳಿದರೆ ಕಾಯಬೇಡಿ. ಕಣ್ಣಿಗೆ ಕಾಣುವಂತೆ ಸೊರಗುವ ಮೊದಲೇ ತಕ್ಕಡಿ ಅದನ್ನು ತಿಳಿಸಿರುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೀದಿಬೆಕ್ಕೊಂದು ಮರಿ ಹಾಕಿದೆ. ತಾಯಿ ಗಂಟೆಗಟ್ಟಲೆ ಕಾಣುವುದಿಲ್ಲ. ಮರಿಗಳನ್ನು ನಾವು ಮನೆಗೆ ತರಬೇಕೆ? ಮನುಷ್ಯರು ಮುಟ್ಟಿದರೆ ತಾಯಿ ಮತ್ತೆ ಸೇರಿಸುವುದಿಲ್ಲ ಎನ್ನುತ್ತಾರೆ, ನಿಜವೇ?
(ಬೆಂಗಳೂರಿನ ಇಬ್ಬರು ಓದುಗರು)

ಉತ್ತರ: ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ತೊರೆಯುವುದಿಲ್ಲ. ಆದರೆ ಅದರ ಜಾಗಕ್ಕೆ ಜನ ಪದೇ ಪದೇ ಹೋಗಿಬಂದರೆ ಹೆದರಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಗಂಡುಬೆಕ್ಕಿನ ಭಯವೂ ಅದಕ್ಕೆ ಕಾರಣ. ತನ್ನದಲ್ಲದ ಮರಿಗಳನ್ನು ಕೊಲ್ಲುವ ಗಂಡುಬೆಕ್ಕುಗಳಿರುತ್ತವೆ.

ಹಾಲೂಡುವ ತಾಯಿಗೆ ಎಂದಿನ ಎರಡು ಮೂರು ಪಟ್ಟು ಆಹಾರ ಬೇಕು. ಅದನ್ನು ಹುಡುಕಿಕೊಂಡು ಅದು ಹೊರಗೆ ಹೋಗಿರುತ್ತದೆ. ಮರಿಗಳು ಒಂದರ ಮೇಲೊಂದು ಬಿದ್ದು ಸದ್ದಿಲ್ಲದೆ ಮಲಗಿದ್ದರೆ, ಹೊಟ್ಟೆ ದುಂಡಗಿದ್ದರೆ, ಮೈ ಚೊಕ್ಕಟವಾಗಿದ್ದರೆ ತಾಯಿ ಬಂದುಹೋಗುತ್ತಿದೆ ಎಂದೇ ಅರ್ಥ. ದೂರದಿಂದ ಆರೇಳು ಗಂಟೆ ಗಮನಿಸಿ. ನಿಲ್ಲದೆ ಅರಚುತ್ತಿದ್ದರೆ, ಮೈ ತಣ್ಣಗಾಗಿದ್ದರೆ ಮಾತ್ರ ಕಾಯದೆ ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಗೂಡಿನಿಂದ ಸ್ವಲ್ಪ ದೂರದಲ್ಲಿ ತಾಯಿಗೆ ದಿನಕ್ಕೆ ಮೂರು ಸಲ ಹೊಟ್ಟೆ ತುಂಬ ಆಹಾರ ಮತ್ತು ನೀರು ಇಡುವುದು. ಮರಿಗಳಿಗೆಂದು ಮಾರುವ ಒಣ ಆಹಾರವೇ ಈ ಕಾಲದಲ್ಲಿ ತಾಯಿಗೂ ಒಳ್ಳೆಯದು. ತಾಯಿಯ ಹಾಲು ಮರಿಗೆ ಆಹಾರವಷ್ಟೇ ಅಲ್ಲ, ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಿಂದ ರೋಗ ತಡೆಯುವ ಶಕ್ತಿಯೂ ಬರುತ್ತದೆ. ಅದಕ್ಕೆ ಬದಲಿಯಾದದ್ದು ಯಾವ ಅಂಗಡಿಯಲ್ಲೂ ಇಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಐದು ವಾರದ ಮರಿಯೊಂದನ್ನು ಸಾಕಿಕೊಂಡಿದ್ದೇವೆ. ಹಾಲು ಅನ್ನ, ಮೊಸರನ್ನ, ಕೆಲವೊಮ್ಮೆ ಹಾಲಿನಲ್ಲಿ ನೆನೆಸಿದ ಚಪಾತಿ ತಿನ್ನುತ್ತದೆ. ಹೊಟ್ಟೆ ಡೊಳ್ಳಾಗಿದೆ, ಕಾಲು ಮಾತ್ರ ಸಣಕಲು. ಇನ್ನೇನು ಕೊಡಬಹುದು?
(ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ಬೆಕ್ಕು ಮಾಂಸ ತಿಂದೇ ಬದುಕುವಂತೆ ರೂಪುಗೊಂಡ ಪ್ರಾಣಿ. ನಾಯಿ ಮನುಷ್ಯರೊಡನೆ ಅನ್ನ, ರೊಟ್ಟಿಗೆ ಬಹುಮಟ್ಟಿಗೆ ಹೊಂದಿಕೊಂಡಿತು, ಬೆಕ್ಕಿನ ದೇಹ ಹೊಂದಿಕೊಳ್ಳಲಿಲ್ಲ. ಕ್ಯಾರೆಟ್ಟು, ಸೊಪ್ಪುಗಳಲ್ಲಿರುವ ಕ್ಯಾರೋಟಿನ್ನಿನಿಂದ ನಾವು ಎ ಜೀವಸತ್ವವನ್ನು ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಅದು ಆಗದು. ಟಾರಿನ್ ಎಂಬ ಅಮೈನೋ ಆಮ್ಲವನ್ನು ನಮ್ಮ ದೇಹ ತಾನೇ ತಯಾರಿಸುತ್ತದೆ, ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಟಾರಿನ್ ಇರುವುದು ಮಾಂಸ ಮತ್ತು ಮೀನಿನಲ್ಲಿ. ಅಕ್ಕಿ, ಗೋಧಿ, ಬೇಳೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಕ್ಷೀಣಿಸಿ ಕುರುಡಾಗುತ್ತದೆ ಎಂಬುದು 1970ರ ದಶಕದಲ್ಲೇ ತಿಳಿದಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಹೃದಯದ ಸ್ನಾಯು ಸಡಿಲಗೊಂಡು ಬೆಕ್ಕುಗಳು ಸಾಯುವ ಒಂದು ರೋಗಕ್ಕೂ ಟಾರಿನ್ ಕೊರತೆಯೇ ಕಾರಣವೆಂದೂ, ಅದನ್ನು ಕೊಟ್ಟರೆ ಹೃದಯ ಮತ್ತೆ ಚೇತರಿಸಿಕೊಳ್ಳುತ್ತದೆಂದೂ ತೋರಿಸಿಕೊಟ್ಟರು. ಅಂದಿನಿಂದ ಬೆಕ್ಕಿನ ಆಹಾರ ತಯಾರಿಸುವವರು ಅದರಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು.

ನಮ್ಮ ಅಜ್ಜಿಯ ಮನೆಯ ಬೆಕ್ಕು ಹಾಲು ಅನ್ನ ತಿಂದೇ ಹದಿನೈದು ವರ್ಷ ಬದುಕಿತ್ತಲ್ಲ ಎಂದು ಹಲವರು ಕೇಳುತ್ತಾರೆ. ಆ ಬೆಕ್ಕು ಅಟ್ಟದ ಇಲಿ, ಹಿತ್ತಲಿನ ಓತಿಕ್ಯಾತ, ಅಂಗಳದ ಗುಬ್ಬಿಗಳನ್ನೂ ತಿನ್ನುತ್ತಿತ್ತು. ಅನ್ನದ ತಟ್ಟೆ ಅದರ ಊಟದ ಒಂದು ಭಾಗ ಮಾತ್ರವಾಗಿತ್ತು. ಬಾಗಿಲು ಹಾಕಿದ ಮನೆಯೊಳಗೆ ಬೆಳೆಯುವ ಇಂದಿನ ಮರಿಗೆ ಆ ದಾರಿಯಿಲ್ಲ.

ನಿಮ್ಮ ಮನೆಯಲ್ಲಿ ಮಾಂಸ ಬೇಯಿಸಬೇಕೆಂದು ನಾನು ಹೇಳುತ್ತಿಲ್ಲ. ಪೊಟ್ಟಣದಲ್ಲಿ ಬರುವ ಮರಿಗಳ ಒಣ ಆಹಾರದಲ್ಲಿ ಟಾರಿನ್ ಸೇರಿದಂತೆ ಬೇಕಾದದ್ದೆಲ್ಲ ಇರುತ್ತದೆ. ಪೊಟ್ಟಣದ ಮೇಲೆ ಅದು ಬೆಕ್ಕಿನ ಮರಿಗಳಿಗೆ ಪರಿಪೂರ್ಣ ಆಹಾರ ಎಂದು ಬರೆದಿರುವುದನ್ನು ಓದಿಯೇ ಕೊಳ್ಳಿ. ನಾಯಿಯ ಆಹಾರ ಅಗ್ಗವೆಂದು ತರಬೇಡಿ, ಬೆಕ್ಕಿಗೆ ಬೇಕಾದ ಪ್ರಮಾಣದ ಪ್ರೋಟೀನ್ ಮತ್ತು ಟಾರಿನ್ ಅದರಲ್ಲಿರುವುದಿಲ್ಲ. ಹತ್ತಾರು ಸಸ್ಯಾಹಾರಿ ಮನೆಗಳವರು ಬೆಕ್ಕಿಗೆಂದೇ ಬೇರೆ ತಟ್ಟೆ, ಬೇರೆ ಮೂಲೆ ಮಾಡಿಕೊಂಡು ಈ ಆಹಾರ ಕೊಟ್ಟು ಸಾಕುತ್ತಿರುವುದನ್ನು ನಾನು ಬಲ್ಲೆ. ಅದೂ ಸಾಧ್ಯವಿಲ್ಲವೆನಿಸಿದರೆ ಮರಿಯನ್ನು ಬೇರೊಂದು ಮನೆಗೆ ಕೊಡುವುದೇ ಅದಕ್ಕೆ ಹಿತ ಎಂದು ಪ್ರೀತಿಯಿಂದಲೇ ಹೇಳುತ್ತೇನೆ.

ರೂಢಿಸುವ ಕ್ರಮ ಹೀಗಿದೆ. ನಾಲ್ಕನೆಯ ವಾರದಿಂದ ಒಣ ಆಹಾರದ ಕಾಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ಕಿವುಚಿ, ಬೇಕಾದರೆ ಮರಿಗಳ ಹಾಲಿನ ಪುಡಿ ಸ್ವಲ್ಪ ಬೆರೆಸಿ, ಅಗಲವಾದ ತಟ್ಟೆಯಲ್ಲಿ ದಿನಕ್ಕೆ ನಾಲ್ಕು ಸಲ ಇಡಬೇಕು. ಮೊದಲು ಬೆರಳ ತುದಿಯಿಂದ ತುಟಿಗೆ ಸವರಿದರೆ ರುಚಿ ಹತ್ತುತ್ತದೆ. ಮೊದಲ ದಿನಗಳಲ್ಲಿ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಅಷ್ಟೆ. ವಾರ ಕಳೆದಂತೆ ನೀರು ಕಡಿಮೆ ಮಾಡುತ್ತ ಬಂದರೆ ಎಂಟನೆಯ ವಾರಕ್ಕೆ ಒಣ ಕಾಳನ್ನೇ ಕಚ್ಚಿ ತಿನ್ನುತ್ತದೆ. ಪಕ್ಕದಲ್ಲಿ ಸದಾ ನೀರಿರಲಿ. ನಿಮ್ಮ ಮರಿಗೆ ಈಗ ಹಠಾತ್ತನೆ ಎಲ್ಲವನ್ನೂ ಬದಲಿಸದೆ ಐದಾರು ದಿನಗಳಲ್ಲಿ ಅನ್ನವನ್ನು ಇಳಿಸುತ್ತಾ ಈ ಆಹಾರವನ್ನು ಏರಿಸಿ.

ಡೊಳ್ಳು ಹೊಟ್ಟೆ, ಸಣಕಲು ಕಾಲು ಎಂದರೆ ಜಂತುಹುಳುವಿನ ಅನುಮಾನ ಬರುತ್ತದೆ. ತಾಯಿಯ ಹಾಲಿನ ಮೂಲಕವೇ ಮರಿಗೆ ದುಂಡುಹುಳುಗಳು ಬರಬಲ್ಲವು. ಹಾಗಾಗಿ ಎರಡು ಮೂರು ವಾರದ ವಯಸ್ಸಿನಿಂದಲೇ ಎರಡು ವಾರಕ್ಕೊಮ್ಮೆ ಹುಳುವಿನ ಔಷಧಿ ಕೊಡುವುದು ವಾಡಿಕೆ. ಪ್ರಮಾಣ ಮರಿಯ ತೂಕವನ್ನು ಅವಲಂಬಿಸಿರುವುದರಿಂದ ಪಶು ಆಸ್ಪತ್ರೆಯಲ್ಲಿ ತೂಗಿಸಿಯೇ ಹಾಕಿಸಬೇಕು. ಮಕ್ಕಳ ಜಂತಿನ ಔಷಧಿಯನ್ನು ಅಂದಾಜಿನಲ್ಲಿ ಕೊಡಬಾರದು.

ಇದೇ ಸಂದರ್ಭದಲ್ಲಿ ಕುಂದಾಪುರದ ಓದುಗರೊಬ್ಬರು, ದಿನವೂ ಹಸಿ ಬೂತಾಯಿ ಹಾಕಿದರೆ ಸಾಲದೇ ಎಂದು ಕೇಳಿದ್ದಾರೆ. ಮೀನು ಮರಿಗೆ ಇಷ್ಟವಾಗುತ್ತದೆ, ಪೋಷಕವೂ ಹೌದು. ಆದರೆ ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪು ಖಾರ ಹಾಕದೆ, ಬೇರೆ ಆಹಾರದ ಜೊತೆಗೆ ಸ್ವಲ್ಪ ಕೊಡಬೇಕು. ಹಲವು ಬಗೆಯ ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶ ಮಾಡುವ ಕಿಣ್ವವಿರುತ್ತದೆ. ಅದನ್ನೇ ತಿಂದ ಬೆಕ್ಕಿಗೆ ನರಗಳ ತೊಂದರೆ ಬಂದು ತಲೆ ಬಾಗಿ, ಸೆಳವು ಕಾಣಿಸಿಕೊಳ್ಳಬಹುದು. ಮೀನು ಸಾರಿನ ಅನ್ನವೂ ಬೇಡ, ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಪ್ರಶ್ನೆ: ಆರು ವಾರದ ಮರಿಯ ಮೈತುಂಬ ಚಿಗಟ. ನಾಯಿಗೆ ತಂದಿದ್ದ ಔಷಧಿಯನ್ನೇ ಸ್ವಲ್ಪ ಹಚ್ಚಬಹುದೇ? ಮೈ ಬಿಸಿಯಾದಂತಿದೆ, ಮನೆಯಲ್ಲಿ ಜ್ವರದ ಮಾತ್ರೆ ಇದೆ.
(ಹಾಸನದ ಓದುಗರೊಬ್ಬರು)

ಉತ್ತರ: ಎರಡನ್ನೂ ಮಾಡಬೇಡಿ. ನಾಯಿಯ ಚಿಗಟದ ಔಷಧಿಗಳಲ್ಲಿ ಹಲವುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ಕಡು ವಿಷ. ಹಚ್ಚಿದ ಕೆಲವು ಗಂಟೆಗಳಲ್ಲಿ ನಡುಕ, ಸೆಳವು ಬಂದು ಸಾಯುತ್ತದೆ. ಜ್ವರದ ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ದೊಡ್ಡ ಬೆಕ್ಕಿಗೇ ಒಂದು ಮಾತ್ರೆ ಸಾವು ತರಬಲ್ಲದು, ಮರಿಗೆ ಅದರ ಚೂರೂ ಸಾಕು. ಜ್ವರವಿದೆ ಎನಿಸಿದರೆ ಮೊದಲು ಇದನ್ನು ತಿಳಿಯಿರಿ: ಬೆಕ್ಕಿನ ಮೈಬಿಸಿ ಸಹಜವಾಗಿಯೇ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ. ಕೈಗೆ ಬಿಸಿ ಎನಿಸುವುದು ಜ್ವರವೇ ಆಗಬೇಕೆಂದಿಲ್ಲ.

ಚಿಗಟಕ್ಕೆ ಈ ವಯಸ್ಸಿನಲ್ಲಿ ಅತ್ಯಂತ ಸುರಕ್ಷಿತ ಸಾಧನ ಹೇನು ತೆಗೆಯುವ ಸೀರಣಿಗೆ. ಹಲ್ಲುಗಳು ಒತ್ತಾಗಿರುವ ಸೀರಣಿಗೆಯಿಂದ ಕುತ್ತಿಗೆಯಿಂದ ಬಾಲದ ಕಡೆಗೆ ಬಾಚುತ್ತಾ, ಸಿಕ್ಕಿದ ಚಿಗಟಗಳನ್ನು ಸಾಬೂನು ನೀರಿನ ಬಟ್ಟಲಿಗೆ ಉದುರಿಸಿ. ತುಂಬ ಹೆಚ್ಚಾಗಿದ್ದರೆ ಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ಐದು ನಿಮಿಷದಲ್ಲಿ ಸ್ನಾನ ಮುಗಿಸಿ. ಮೊದಲು ಕುತ್ತಿಗೆಯ ಸುತ್ತ ನೊರೆಯ ಬಳೆ ಮಾಡಿದರೆ ಚಿಗಟಗಳು ಮುಖಕ್ಕೆ ಏರುವುದು ತಪ್ಪುತ್ತದೆ. ಕೂಡಲೇ ಒಣಗಿಸಿ ಬೆಚ್ಚಗಿಡಿ. ಹಾಸುಬಟ್ಟೆಗಳನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಏಕೆಂದರೆ ಚಿಗಟದ ಮೊಟ್ಟೆಗಳು ಉದುರಿ ಅಲ್ಲಿರುತ್ತವೆ. ಮರಿಯ ಒಸಡನ್ನು ನೋಡಿ; ಗುಲಾಬಿ ಬಣ್ಣವಿರದೆ ಬಿಳಚಿಕೊಂಡಿದ್ದರೆ ಚಿಗಟಗಳು ರಕ್ತ ಹೀರಿ ರಕ್ತಹೀನತೆಯಾಗಿದೆ, ಅಂದೇ ಆಸ್ಪತ್ರೆಗೆ ಒಯ್ಯಬೇಕು.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಮರಿ ಓಡಾಡುವ ನೆಲಕ್ಕೆ ಫಿನಾಯಿಲ್ ಹಾಕಬೇಡಿ. ಒದ್ದೆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು, ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ದೇಹ ತಾಳಲಾರದು. ಕರ್ಪೂರ, ನೀಲಗಿರಿ ಎಣ್ಣೆಗಳನ್ನು ಮೈಗೆ ಹಚ್ಚುವುದೂ ಹಾಗೆಯೇ ಅಪಾಯಕಾರಿ.

ಪ್ರಶ್ನೆ: ಸೊಸೆ ಈಗ ಮೂರು ತಿಂಗಳ ಗರ್ಭಿಣಿ. ಮನೆಯಲ್ಲಿರುವ ಎರಡು ತಿಂಗಳ ಮರಿಯನ್ನು ದೂರ ಬಿಟ್ಟುಬರಬೇಕೆಂದು ನೆಂಟರು ಹೇಳುತ್ತಿದ್ದಾರೆ. ಅವಳಿಗೆ ಅದರ ಮೇಲೆ ಬಹಳ ಪ್ರೀತಿ.
(ಮೈಸೂರಿನ ಓದುಗರೊಬ್ಬರು)

ಉತ್ತರ: ಬಿಟ್ಟುಬರಬೇಕಾಗಿಲ್ಲ. ನೆಂಟರ ಆತಂಕಕ್ಕೆ ಕಾರಣವಾಗಿರುವುದು ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ. ಗರ್ಭಿಣಿಗೆ ಅದು ಹೊಸದಾಗಿ ತಗಲಿದರೆ ಮಗುವಿಗೆ ತೊಂದರೆಯಾಗಬಹುದೆಂಬುದು ನಿಜ. ಆದರೆ ಅದು ಬೆಕ್ಕನ್ನು ಮುದ್ದಿಸುವುದರಿಂದ ಬರುವಂಥದಲ್ಲ. ಸೋಂಕಿರುವ ಬೆಕ್ಕಿನ ಮಲದಲ್ಲಿ ಬಿದ್ದ ಅಂಡಕಗಳು ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮರಳಿನ ತಟ್ಟೆಯನ್ನು ದಿನವೂ ತಪ್ಪದೆ ಶುಚಿ ಮಾಡಬೇಕು, ಆ ಕೆಲಸವನ್ನು ಸೊಸೆ ಮಾಡದೆ ಮನೆಯ ಬೇರೆಯವರು ಮಾಡಬೇಕು. ಮರಿಯನ್ನು ಮನೆಯೊಳಗೇ ಇಟ್ಟು ಹಸಿ ಮಾಂಸ ಕೊಡಬೇಡಿ. ಸೊಸೆಯವರು ಹಿತ್ತಲ ಮಣ್ಣಿನಲ್ಲಿ ಕೈಯಾಡಿಸುವಾಗ ಕೈಗವಸು ಹಾಕಿಕೊಳ್ಳಲಿ, ಹಸಿ ತರಕಾರಿಗಳನ್ನು ಚೆನ್ನಾಗಿ ತೊಳೆಯಲಿ. ಸೋಂಕು ಆ ದಾರಿಗಳಿಂದಲೂ ಅರೆಬೆಂದ ಮಾಂಸದಿಂದಲೂ ಬರುತ್ತದೆ. ಪ್ರಸೂತಿ ವೈದ್ಯರಿಗೆ ಮನೆಯಲ್ಲಿ ಬೆಕ್ಕಿದೆಯೆಂದು ತಿಳಿಸಿ, ಅವರು ಹೇಳಿದರೆ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೀದಿಯಿಂದ ತಂದ ಮರಿಯೊಂದು ಆಡುವಾಗ ಮಗನ ಕೈ ಪರಚಿ ಕಚ್ಚಿತು. ಅರಿಸಿನ ಹಚ್ಚಿದ್ದೇವೆ. ಮರಿಗೆ ಯಾವ ಯಾವ ಚುಚ್ಚುಮದ್ದು ಹಾಕಿಸಬೇಕು? ಅದರ ಒಡಹುಟ್ಟುಗಳನ್ನು ಯಾವಾಗ ಬೇರೆಯವರಿಗೆ ಕೊಡಬಹುದು?
(ತುಮಕೂರಿನ ಓದುಗರೊಬ್ಬರು)

ಉತ್ತರ: ಮೊದಲು ಮಗನನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದದ್ದನ್ನು ಆಮೇಲೆ ಓದಿ. ಹಿನ್ನೆಲೆ ಗೊತ್ತಿಲ್ಲದ ಮರಿ ಕಚ್ಚಿ ರಕ್ತ ಬಂದಿದ್ದರೆ ಅದನ್ನು ರೇಬಿಸ್ ಅಪಾಯವೆಂದೇ ಎಣಿಸಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ, ಆದರೆ ಸಕಾಲದಲ್ಲಿ ಚುಚ್ಚುಮದ್ದು ಪಡೆದರೆ ತಡೆಯಬಹುದು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಈಗಲೂ ತೊಳೆಯಿರಿ, ತಡವಾಯಿತೆಂದು ಬಿಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಚುಚ್ಚುಮದ್ದು ದೊರೆಯುತ್ತದೆ.

ಮರಿಗೆ 6ರಿಂದ 8 ವಾರವಾದಾಗ ಮೂರು ರೋಗಗಳ ಸಂಯುಕ್ತ ಲಸಿಕೆ ಶುರು ಮಾಡಿ, 16 ವಾರವಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ಈ ಮೂರರಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಮರಿಗಳ ಪಾಲಿಗೆ ಅತಿ ಭೀಕರವಾದದ್ದು. ವಾಂತಿ ಭೇದಿಯಾಗಿ ಎರಡು ಮೂರು ದಿನಗಳಲ್ಲೇ ಮರಿ ಸಾಯುತ್ತದೆ, ಅದರ ವೈರಾಣು ಮನೆಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಈಚೆಗೆ ಹಾಗೆ ಮರಿ ಕಳೆದುಕೊಂಡವರು ಬ್ಲೀಚಿಂಗ್ ದ್ರಾವಣದಿಂದ ನೆಲ ತೊಳೆದು, ಲಸಿಕೆ ಮುಗಿಸಿದ ಬೆಕ್ಕನ್ನಷ್ಟೇ ಮನೆಗೆ ತರಬೇಕು. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ. ನಾಲ್ಕು ಐದು ತಿಂಗಳಿಗೇ ಹೆಣ್ಣುಮರಿ ಬೆದೆಗೆ ಬರಬಲ್ಲದಾದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಅಷ್ಟರೊಳಗೆ ವೈದ್ಯರನ್ನು ಕಾಣಿ.

ಒಡಹುಟ್ಟುಗಳನ್ನು ಎಂಟು ವಾರ ತುಂಬುವ ಮೊದಲು ಯಾರಿಗೂ ಕೊಡಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟುಗಳ ಜೊತೆ ಹೊಯ್ದಾಡುತ್ತಲೇ; ಬೇಗ ಅಗಲಿಸಿದ ಮರಿಗಳು ಆಡುವಾಗ ಕಚ್ಚುವುದು ಹೆಚ್ಚು, ನಿಮ್ಮ ಮರಿಯ ವಿಷಯದಲ್ಲೂ ಹಾಗಾಗಿರಬಹುದು. ಕೈಬೆರಳುಗಳನ್ನು ಆಟಿಕೆಯಾಗಿಸದೆ ದಾರಕ್ಕೆ ಕಟ್ಟಿದ ಬಟ್ಟೆಯ ಉಂಡೆಯೊಡನೆ ಆಡಿಸಲು ಮಗನಿಗೆ ಹೇಳಿಕೊಡಿ, ಆಟ ಮುಗಿದ ಮೇಲೆ ದಾರವನ್ನು ಮರಿ ನುಂಗದಂತೆ ಎತ್ತಿಡಿ. ಕೊಡುವ ದಿನ ಮರಿಯ ತೂಕ ಸುಮಾರು 800 ಗ್ರಾಂ ದಾಟಿರಲಿ. ಈವರೆಗೆ ತಿನ್ನುತ್ತಿದ್ದ ಆಹಾರವನ್ನು ಒಂದು ವಾರಕ್ಕಾಗುವಷ್ಟು, ಹುಳುವಿನ ಔಷಧಿ ಮತ್ತು ಲಸಿಕೆ ಹಾಕಿಸಿದ ದಿನಾಂಕಗಳ ಚೀಟಿಯನ್ನು, ತಾಯಿಯೊಡನೆ ಮಲಗುತ್ತಿದ್ದ ಹಾಸುಬಟ್ಟೆಯ ಒಂದು ತುಂಡನ್ನು ಒಗೆಯದೆ ಜೊತೆಗೆ ಕಳುಹಿಸಿ. ಹೊಸ ಮನೆಯ ಮೊದಲ ರಾತ್ರಿಗಳಲ್ಲಿ ಮರಿ ಆ ಬಟ್ಟೆಯ ಮೇಲೆಯೇ ಮಲಗುತ್ತದೆ.